ಟೈರಿಗೆ ಕೊಟ್ಟ ಹೊನ್ನೆ ತುಂಡು

ನಮ್ಮ ಜೀಪಿಗೆ ಹ್ಯಾಂಡ್‌ಬ್ರೇಕು ಇರಲಿಲ್ಲ. ಇರಲಿಲ್ಲ ಎಂದರೆ ಪೂರ್ತಿ ಸರಿಯಾಗುವುದಿಲ್ಲ. ಅದರ ಹಿಡಿ ಇತ್ತು, ಎಳೆದರೆ ಬರುತ್ತಿತ್ತು, ಬಿಟ್ಟರೆ ಹಿಂದಕ್ಕೆ ಹೋಗುತ್ತಿತ್ತು. ಗಾಡಿಗೂ ಅದಕ್ಕೂ ಸಂಬಂಧವಿರಲಿಲ್ಲ ಅಷ್ಟೆ. ನಾನು ಮದುವೆಯಾಗಿ ಜಾವಳಿ ಕಡೆಯ ಈ ತೋಟಕ್ಕೆ ಬಂದಾಗಲೇ ಅದು ಹಾಗಿತ್ತು. ಬಹಳ ಹಿಂದೆ ಮಾವನವರು ಮಿಲಿಟರಿಯವರ ಹರಾಜಿನಲ್ಲಿ ಆ ಜೀಪನ್ನು ಹಿಡಿದು ತಂದ ದಿನವೂ ಹಾಗೆಯೇ ಇತ್ತಂತೆ.

ಹ್ಯಾಂಡ್‌ಬ್ರೇಕಿನ ಕೆಲಸ ಮಾಡುತ್ತಿದ್ದುದು ಒಂದು ಮರದ ತುಂಡು. ಮಾವನವರೇ ಹೊನ್ನೆ ಮರದಲ್ಲಿ ಕೆತ್ತಿಸಿದ್ದು. ಅದರ ಒಂದು ಮೈ ಟೈರಿನ ದುಂಡಿಗೆ ಸರಿಯಾಗಿ ಒಳಕ್ಕೆ ಬಾಗಿತ್ತು. ಇನ್ನೊಂದು ಬದಿಗೆ ಕಬ್ಬಿಣದ ಬಳೆ, ಬಳೆಗೆ ಹಗ್ಗ. ವರ್ಷಗಟ್ಟಲೆ ಕೈ ತಾಗಿ ತಾಗಿ ಅದು ಮನೆಯ ಹಳೆಯ ಮಣೆಯ ಹಾಗೆ ನುಣುಪಾಗಿತ್ತು. ಜೀಪಿನ ಹಿಂಬಾಗಿಲ ಪಕ್ಕದಲ್ಲಿ ಅದಕ್ಕೆಂದೇ ಒಂದು ಜಾಗ. ಅದರ ಪಕ್ಕ ಅಕ್ಕನ ಜಾಗ.

ಅಕ್ಕ ಎಂದರೆ ನಮ್ಮ ತೋಟದ ಆಳುಗಳ ಲೈನುಮನೆಯಲ್ಲಿದ್ದ ಹೆಂಗಸು. ನನಗಿಂತ ಹಿರಿಯಳು. ಕಾಫಿ ಕುಯ್ಯುವ ಆಳುಗಳನ್ನು ಮನೆಯ ಹತ್ತಿರದಿಂದ ಮೇಲಿನ ತೋಟಕ್ಕೆ ಜೀಪಿನಲ್ಲೇ ಕರೆದುಕೊಂಡು ಹೋಗುತ್ತಿದ್ದೆವು. ಆ ದಾರಿಯಲ್ಲಿ, ನೇರಳೆ ಮರದ ಹತ್ತಿರ ಒಂದು ತಿರುವು. ಏರು ಜಾಸ್ತಿ, ಅಗಲ ಕಡಿಮೆ. ಒಂದೇ ಸಲಕ್ಕೆ ಯಾವ ಗಾಡಿಯೂ ತಿರುಗುವುದಿಲ್ಲ. ಅರ್ಧ ತಿರುಗಿಸಿ, ರಿವರ್ಸ್ ಹೊಡೆದು, ನಿಂತು, ಮತ್ತೆ ಮುಂದಕ್ಕೆ ಎತ್ತಬೇಕು. ಹಾಗೆ ನಿಂತಾಗ ಡ್ರೈವರಿನ ಕಾಲು ಬ್ರೇಕಿನ ಮೇಲೆ. ಅದನ್ನು ಎತ್ತಿ ಆಕ್ಸಿಲರೇಟರಿಗೆ ಇಡುವಷ್ಟರಲ್ಲಿ ತುಂಬಿದ ಜೀಪು ಹಿಂದಕ್ಕೆ ಜಾರುತ್ತದೆ. ಅದಕ್ಕೇ ತುಂಡು. ಅಕ್ಕ ಹಿಂದಿನಿಂದ ಇಳಿದು, ಹಿಂದಿನ ಟೈರಿಗೆ ತುಂಡು ಕೊಟ್ಟು, ಜೀಪಿನ ತಗಡಿನ ಮೇಲೆ ಅಂಗೈಯಿಂದ ಎರಡು ಸಲ ಬಡಿಯುತ್ತಿದ್ದಳು. ಆಗ ಡ್ರೈವರು ಕಾಲೆತ್ತಬೇಕು. ಜೀಪು ತುಂಡಿಗೆ ಒರಗಿ ಒಂದು ಸಲ ಮುಲುಗಿ ಮುಂದಕ್ಕೆ ಹೋಗುತ್ತಿತ್ತು. ಅಕ್ಕ ಹಗ್ಗ ಹಿಡಿದು ತುಂಡನ್ನು ಎಳೆದುಕೊಂಡು, ಮೇಲಿನ ಸಪಾಟಿನಲ್ಲಿ ಮತ್ತೆ ಹತ್ತಿಕೊಳ್ಳುತ್ತಿದ್ದಳು.

"ಈ ಗಾಡಿ ಡ್ರೈವರು ನಾನು," ಎಂದು ಅವಳು ಹೊಸ ಆಳುಗಳಿಗೆ ಹೇಳುವುದಿತ್ತು. "ಸಣ್ ಯಜಮಾನ್ರು ಬರೀ ಸ್ಟೇರಿಂಗ್ ಹಿಡ್ಕಂಡ್ ಕೂರಾದು."

ಸಣ್ಣ ಯಜಮಾನರು ಎಂದರೆ ನನ್ನ ಗಂಡ. ಆ ದಿನವೂ ಸ್ಟೇರಿಂಗ್ ಹಿಡಿದಿದ್ದುದು ಇವರೇ.

ತೊಂಬತ್ತರ ದಶಕದ ಕೊನೆಯ ಭಾಗ. ಕುಯ್ಲು ಆಗಷ್ಟೇ ಶುರುವಾಗಿತ್ತು. ಬೆಳಿಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ. ನಾನು ತಿಂಡಿಯ ಕ್ಯಾರಿಯರ್ ಹಿಡಿದು ಒಳದಾರಿಯಿಂದ ನಡೆದು ಹೋಗಿ, ಜೀಪಿಗಿಂತ ಮೊದಲೇ ತಿರುವಿನ ಮೇಲೆ ತಲುಪಿದ್ದೆ. ಅಲ್ಲಿಂದ ಜೀಪಿನ ಎಡಮೈ ಪೂರ್ತಿ ಕಾಣುತ್ತಿತ್ತು. ನಾನು ಕಂಡದ್ದು ಇಷ್ಟು. ಜೀಪು ಅರ್ಧ ತಿರುಗಿತು, ಹಿಂದಕ್ಕೆ ಬಂತು, ನಿಂತಿತು. ಅಕ್ಕ ಇಳಿದಳು. ತುಂಡನ್ನು ಎಡಗಡೆಯ ಟೈರಿಗೆ ಒತ್ತಿ ಇಟ್ಟಳು. ಕಾಲಿನಿಂದ ಒಂದು ಸಲ ಒದ್ದು ಗಟ್ಟಿ ಮಾಡಿದಳು. ಎರಡು ಸಲ ಬಡಿದಳು. ಆ ಸದ್ದು ನನಗೆ ಕೇಳಿತು. ಆಮೇಲೆ ಇವರು ಕಾಲೆತ್ತಿದರು. ಜೀಪು ತುಂಡಿಗೆ ಒರಗಿತು. ತುಂಡಿನ ಅಡಿಯಲ್ಲಿ ಸಿಲ್ವರ್ ಓಕಿನ ಎಲೆಗಳು ದಪ್ಪಗೆ ಬಿದ್ದಿದ್ದವು, ಇಬ್ಬನಿಯಲ್ಲಿ ನೆನೆದಿದ್ದವು. ಎಲೆಯ ಜೊತೆಗೇ ತುಂಡು ಜಾರಿತು. ತುಂಡಿನ ಜೊತೆಗೇ ಜೀಪು ಬಂತು. ಅಕ್ಕ ಬದಿಗೆ ಹಾರಿದಳು, ಆದರೆ ಹಗ್ಗ ಅವಳ ಕೈಯಲ್ಲೇ ಇತ್ತು, ಅದು ಅವಳನ್ನು ಎಳೆಯಿತು. ಜೀಪು ಹಿಂದಿನ ದರೆಗೆ, ದಾರಿ ಕಡಿದ ಮಣ್ಣಿನ ಗೋಡೆಗೆ, ತಾಗಿ ನಿಂತಾಗ ಅವಳ ಬಲಪಾದ ಟೈರಿಗೂ ಹೊನ್ನೆ ತುಂಡಿಗೂ ನಡುವೆ ಇತ್ತು.

ಅವಳು ಕೂಗಲಿಲ್ಲ. ಒಳಗಿದ್ದವರು ಕೂಗಿದರು. ಕ್ಯಾರಿಯರನ್ನು ನಾನು ಎಲ್ಲಿ ಇಟ್ಟೆ ಎಂದು ಈಗಲೂ ನೆನಪಿಲ್ಲ.

ಅವಳನ್ನು ಮೂಡಿಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಅದೇ ಜೀಪಿನಲ್ಲಿ. ಬೇರೆ ಗಾಡಿ ಇರಲಿಲ್ಲ. ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆಯ ಮುಂದೆ ಸ್ವಲ್ಪ ಇಳಿಜಾರು. ಜೀಪು ನಿಂತ ಕೂಡಲೇ ನಮ್ಮ ಜೊತೆ ಬಂದಿದ್ದ ಆಳುಗಳ ಮೇಸ್ತ್ರಿ ಹಾರಿ ಇಳಿದು ಟೈರಿಗೆ ತುಂಡು ಕೊಟ್ಟ. ತಗಡಿನ ಮೇಲೆ ಎರಡು ಸಲ ಬಡಿದ. ಇವರು ಕಾಲೆತ್ತಿದರು. ಅದೇ ತುಂಡು. ಅದರ ಒಂದು ಮೂಲೆ ರಕ್ತದಲ್ಲಿ ಇನ್ನೂ ಒದ್ದೆಯಾಗಿತ್ತು. ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ. ನನಗೂ ಆ ಕ್ಷಣಕ್ಕೆ ಕಾಣಲಿಲ್ಲ. ಅಕ್ಕನನ್ನು ಒಳಗೆ ಕರೆದೊಯ್ದ ಮೇಲೆ, ಬೆಂಚಿನ ಮೇಲೆ ಕೂತು ಹೊರಗೆ ನೋಡಿದಾಗ ಕಂಡಿತು.

ಪಾದದ ಮೂಳೆಗಳು ಮುರಿದಿದ್ದವು. ಪ್ಲಾಸ್ಟರ್ ಹಾಕಿದರು. ಆಸ್ಪತ್ರೆಯ ಖರ್ಚು, ಅವಳು ಮಲಗಿದ್ದಷ್ಟು ಕಾಲದ ಕೂಲಿ, ಎರಡೂ ಮನೆಯದೇ; ಅದರಲ್ಲಿ ಯಾರದೂ ಎರಡನೆಯ ಮಾತಿರಲಿಲ್ಲ. ಮಾತು ಬಂದದ್ದು ಜೀಪಿನ ವಿಷಯಕ್ಕೆ.

ಮಾವನವರು ಜಗಲಿಯಲ್ಲಿ ಕೂತು ಹೇಳಿದರು, "ಅವಳು ಎಲೆ ಗೋರಿ ತುಂಡು ಇಡ್ಬೇಕಿತ್ತು. ಅಷ್ಟೇ ಆದದ್ದು. ಗಾಡೀದು ಎಂತ ತಪ್ಪು?"

ಇವರು ಗೋಡೆ ನೋಡುತ್ತಾ, "ನಾನು ಒಂಚೂರು ತಡೆದು ಕಾಲೆತ್ಬೇಕಿತ್ತು," ಎಂದರು. ಆಮೇಲೆ, "ಅದನ್ನ ಮಾರ್‌ಬಿಡಣ ಅಪ್ಪಯ್ಯ. ಹೊಸದೊಂದು ತಗಳಣ. ನಾನಂತೂ ಇನ್ನು ಅದನ್ನ ಮುಟ್ಟಲ್ಲ."

"ಮಾರಾದಾ? ಆ ಇಂಜಿನ್ ಶಬ್ದ ಕೇಳಿದೀಯಾ ನೀನು? ಇನ್ನೊಂದು ತಲೆಮಾರು ಓಡ್ತದೆ ಅದು. ಮೇಲಿನ ಕ್ಯಾನ್‌ವಾಸ್ ಹುಡ್ ಬೇಕಾದ್ರೆ ಬದಲಾಯ್ಸು, ಟೈರು ಹಾಕ್ಸು. ರಿಪೇರಿ ಮಾಡಿದ್ರೆ ಮುಗೀತು."

ನಾನು ಇಬ್ಬರಿಗೂ ಹೇಳಿದೆ, ನಾನು ಮೇಲೆ ನಿಂತು ನೋಡಿದೀನಿ, ಅಕ್ಕ ಇಡುವ ಹಾಗೆಯೇ ಇಟ್ಟಳು, ಅವಳು ಬಡಿದ ಮೇಲೆಯೇ ನೀವು ಕಾಲೆತ್ತಿದಿರಿ. ಹೇಳುತ್ತಿದ್ದ ಹಾಗೆ ನನಗೇ ಅದರ ಅರ್ಥ ಆಗುತ್ತಾ ಬಂತು. ಯಾರಾದರೊಬ್ಬರು ತಪ್ಪು ಮಾಡಿದ್ದರೆ, ಅವರು ಇನ್ನು ಮೇಲೆ ಸರಿಯಾಗಿ ಮಾಡಿದರೆ ಸಾಕಿತ್ತು. ಇಲ್ಲಿ ಎಲ್ಲರೂ ದಿನವೂ ಮಾಡುವುದನ್ನೇ ಸರಿಯಾಗಿ ಮಾಡಿದ್ದರು. ನಾಳೆಯೂ ಸರಿಯಾಗಿಯೇ ಮಾಡುತ್ತಾರೆ. ಒಬ್ಬ ಹೆಣ್ಣಾಳನ್ನು ತುಂಬಿದ ಗಾಡಿಯ ಹಿಂದೆ, ಇಳಿಜಾರಿನಲ್ಲಿ ನಿಲ್ಲಿಸುವುದೇ ನಮ್ಮ ಸರಿ.

ಅಂದೇ ಹೇಳಿಬಿಟ್ಟೆ, "ಇದು ತೀರ್ಮಾನ ಆಗೋ ತನಕ ಯಾರೂ ಆ ಜೀಪು ಹತ್ತಾದು ಬೇಡ. ಯಾರನ್ನೂ ಹತ್ಸಾದೂ ಬೇಡ."

"ಕಾಫಿ ಹಣ್ಣಿನ ಮೂಟೆ?" ಎಂದರು ಮಾವ.

"ಬಾಡಿಗೆ ಟ್ರ್ಯಾಕ್ಟರ್ ತಿರುವಿನ ಕೆಳಗೆ ಬರ್ತದೆ. ಅಲ್ಲಿ ತನಕ ಹೊತ್ಕೊಂಡ್ ಬರಲಿ."

ಆಳುಗಳು ಗುಡ್ಡ ಹತ್ತಬೇಕಾಯಿತು. ಅವರಿಗೇನೂ ಖುಷಿಯಾಗಲಿಲ್ಲ. "ಗಾಡಿ ಶೆಡ್ಡಲ್ಲಿ ಮಲ್ಗಾದು, ನಾವು ಗುಡ್ಡ ಹತ್ತಾದು, ಒಳ್ಳೆ ಕಥೆ ಅಮ್ಮಾರೆ," ಎಂದು ಒಬ್ಬಳು ನನ್ನ ಎದುರೇ ಹೇಳಿದಳು. "ನಿಮ್ಗೆ ಹೆದ್ರಿಕೆ, ನಮ್ಗೆ ಮಂಡಿ ನೋವು." ನಾನು ಅವರ ಜೊತೆಗೇ ನಡೆಯುತ್ತಿದ್ದೆ. ನನಗೂ ಮಂಡಿ ನೋಯುತ್ತಿತ್ತು.

ಆಗ ನನ್ನ ಮನಸ್ಸು ಇವರ ಕಡೆಗೇ ಇತ್ತು. ಹೊಸದು ತೆಗೆದುಕೊಳ್ಳುವುದೇ ಸರಿ ಎಂದುಕೊಂಡಿದ್ದೆ. ಕಾಫಿಗೆ ಒಳ್ಳೆಯ ಬೆಲೆ ಬಂದು ಹೋಗಿದ್ದ ವರ್ಷಗಳು ಅವು. ಸುತ್ತಲಿನ ತೋಟಗಳಿಗೆ ಹೊಸ ಗಾಡಿಗಳು ಬಂದಿದ್ದವು. ಬಣಕಲ್ ಹತ್ತಿರ ಇವರ ಸ್ನೇಹಿತರೊಬ್ಬರ ಮನೆಯಲ್ಲಿ ಹೊಸ ಜೀಪು ಇತ್ತು. ನೋಡಿ ಬರೋಣವೆಂದು ಬಸ್ಸಿನಲ್ಲಿ ಹೋದೆವು. ಸೀಟಿನ ಪ್ಲಾಸ್ಟಿಕ್ ಇನ್ನೂ ಕಿತ್ತಿರಲಿಲ್ಲ. ಸ್ನೇಹಿತರು ನಮ್ಮನ್ನು ಕೂರಿಸಿಕೊಂಡು ತಮ್ಮ ತೋಟದ ಏರಿನಲ್ಲಿ ಹತ್ತಿಸಿ, ನಡುವೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದರು. ಕಟಕಟ ಎಂದಿತು. ಜೀಪು ಬಂಡೆಯ ಹಾಗೆ ನಿಂತಿತು. ಇವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಸ್ವಲ್ಪ ಬಣ್ಣ ಬಂತು.

ಇಳಿಯುವಾಗ ನಾನು ಹಿಂದಕ್ಕೆ ನೋಡಿದೆ. ಹಿಂದಿನ ಸೀಟಿನ ಕೆಳಗೆ ಹಲಸಿನ ಮರದ ಒಂದು ತುಂಡು ಇತ್ತು. ಹೊಸದರ ಹಾಗೆ ಕಾಣುತ್ತಿತ್ತು. ಅದಕ್ಕೆ ಕೆಂಪು ಬಣ್ಣ ಬಳಿದಿದ್ದರು. ಬಳೆ ಇತ್ತು, ಬಳೆಗೆ ಹಗ್ಗ.

"ಇದು ಎಂತಕ್ಕೆ?" ಎಂದು ಕೇಳಿದೆ.

"ಅದಾ? ಟೈರಿಗೆ ಕೊಡಕ್ಕೆ ಅತ್ತಿಗೆ."

"ಹ್ಯಾಂಡ್‌ಬ್ರೇಕ್ ಹಿಡೀತದಲ್ಲ?"

"ಹಿಡೀತದೆ. ಆದ್ರೂ ತೋಟಕ್ಕೆ ಹೋಗಾ ಗಾಡಿ, ಒಂದಿರ್ಲಿ ಅಂತ. ತುಂಡು ಕೊಟ್ರೇ ನಮ್ ಜನಕ್ಕೆ ಧೈರ್ಯ."

"ಯಾರು ಕೊಡಾದು?"

"ಯಾರು ಅಂತ ಏನಿಲ್ಲ. ಹಿಂದೆ ಕೂತಿರ್ತಾರಲ್ಲ, ಯಾರಾದ್ರೂ ಹಾರ್ತಾರೆ." ಅವರು ನಕ್ಕರು. "ಹಳೇ ಗಾಡಿ ಕೊಡುವಾಗ ಈ ತುಂಡೊಂದನ್ನ ಮಾತ್ರ ಇಟ್ಕಂಡೆ ಮಾರಾಯ, ಬಣ್ಣ ಹೊಡ್ಸಿ," ಎಂದರು ಇವರ ಕಡೆ ತಿರುಗಿ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಆ ಕೆಂಪು ತುಂಡೇ ಇತ್ತು. ಹೊಸ ಜೀಪು ನಮ್ಮ ಶೆಡ್ಡಿಗೆ ಬಂದರೆ ಎರಡನೆಯ ದಿನಕ್ಕೇ ಹೊನ್ನೆ ತುಂಡು ಅದರೊಳಗೆ ಹೋಗಿ ಕೂರುತ್ತದೆ. ತುಂಡು ಇದ್ದರೆ ಹ್ಯಾಂಡ್‌ಬ್ರೇಕನ್ನು ಯಾರೂ ನೋಡುವುದಿಲ್ಲ. ಅದು ಸಡಿಲವಾಗುತ್ತದೆ, ತುಂಡು ಇದೆಯಲ್ಲ ಎನ್ನುತ್ತಾರೆ. ಹಳೆಯದನ್ನು ಯಾರಾದರೂ ಕೊಂಡುಕೊಂಡರೆ, ಅವರ ತೋಟದಲ್ಲೂ ಒಬ್ಬಳು ಹಿಂದಿನಿಂದ ಇಳಿಯುತ್ತಾಳೆ.

ಮನೆಯ ದಾರಿಯಲ್ಲಿ ಇವರಿಗೆ ಹೇಳಿದೆ, "ರಿಪೇರಿ ಮಾಡ್ಸಣ. ಹುಡ್ಡೂ ಬೇಡ, ಟೈರೂ ಬೇಡ. ಹ್ಯಾಂಡ್‌ಬ್ರೇಕು."

"ನಾನು ಓಡ್ಸಲ್ಲ ಅಂದೆನಲ್ಲ."

"ನಾನು ಓಡಿಸ್ತೀನಿ."

ಕಳಸದ ತವರಿನಲ್ಲಿ ಅಪ್ಪಯ್ಯನ ಗಾಡಿ ಓಡಿಸಿ ಕಲಿತಿದ್ದೆ, ಲೈಸೆನ್ಸೂ ಇತ್ತು. ಮದುವೆಯಾದ ಮೇಲೆ ಕೈಹಾಕಿರಲಿಲ್ಲ. ಇವರು ನನ್ನನ್ನು ನೋಡಿದರು. ಬೇಡ ಎನ್ನಲಿಲ್ಲ.

ಅಂದು ಸಂಜೆ ಹೊನ್ನೆ ತುಂಡನ್ನು ಜೀಪಿನಿಂದ ತೆಗೆದು ಬಚ್ಚಲ ಒಲೆಗೆ ಇಟ್ಟೆ. ಮಾವ ಹಿಂದೆಯೇ ಬಂದರು.

"ಎಂತ ಮಾಡ್ತಿದೀಯ ಮಾರಾಯ್ತಿ? ಹೊನ್ನೆ ಮರ ಅದು."

"ಗೊತ್ತು ಮಾವ."

"ನಿಂಗೆ ಬೇಡದಿದ್ರೆ ಗೋದಾಮಿನ ಬಾಗಿಲಿಗಾದ್ರೂ ಆಗ್ತಿತ್ತು."

"ಅಲ್ಲಿದ್ರೆ ಒಂದಿನ ಜೀಪಿಗೆ ವಾಪಸ್ ಬರ್ತದೆ."

ಅವರು ಬಾಗಿಲಲ್ಲಿ ನಿಂತು ನೋಡಿದರು. ಹೊನ್ನೆ ಬೇಗ ಹತ್ತಿಕೊಳ್ಳುವುದಿಲ್ಲ. ಹಗ್ಗ ಮೊದಲು ಹೋಯಿತು. ಆಮೇಲೆ ಮರ, ನಿಧಾನವಾಗಿ, ಅಂಚಿನಿಂದ. ಬಹಳ ಒಳ್ಳೆಯ ಕೆಲಸವಾಗಿತ್ತು ಅದು, ಅವರು ನಿಂತು ಮಾಡಿಸಿದ್ದು. ನನಗೆ ಕಷ್ಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಬ್ಬಿಣದ ಬಳೆಯನ್ನು ಮರುದಿನ ಅವರು ಬೂದಿಯಿಂದ ಆರಿಸಿಕೊಂಡು ಹೋದರು.

ಜೀಪನ್ನು ಬಣಕಲ್ಲಿನ ಗ್ಯಾರೇಜಿಗೆ ಎಳೆಸಿಕೊಂಡು ಹೋದೆವು. ಗ್ಯಾರೇಜಿನವರು ಕೆಳಗೆ ಮಲಗಿ ನೋಡಿ, ಎದ್ದು, ಕೈ ಒರೆಸಿಕೊಂಡರು.

"ಹ್ಯಾಂಡ್‌ಬ್ರೇಕಿಗೆ ಹೊಸ ಲೈನಿಂಗ್ ಪಟ್ಟಿ ಹಾಕ್ಕೊಡ್ತೀನಿ ಅಮ್ಮ. ಮಳೆ ಹಿಡಿಯಾ ತನಕ ಬರ್ತದೆ. ಆಮೇಲೆ ತುಂಡು ಇದ್ದೇ ಇದೆಯಲ್ಲ."

"ತುಂಡು ಇಲ್ಲ. ಮಳೆ ಹಿಡಿಯೋ ತನಕ ಮಾತ್ರ ಯಾಕೆ?"

"ಗೇರ್ ಎಣ್ಣೆ ಸೋರ್ತದೆ. ಸೋರಿದ್ದೆಲ್ಲ ಹ್ಯಾಂಡ್‌ಬ್ರೇಕಿನ ಡ್ರಮ್ಮಿನೊಳಗೇ ಬೀಳ್ತದೆ. ಎಣ್ಣೆ ಕುಡಿದ ಲೈನಿಂಗ್ ಎಂತ ಹಿಡೀತದೆ? ಹಳೇ ಗಾಡಿ ಎಲ್ಲದೂ ಹಿಂಗೇ."

"ಹಾಗಾದ್ರೆ ಮೊದ್ಲು ಎಣ್ಣೆ ನಿಲ್ಸಿ."

"ಅದಕ್ಕೆ ಅಡಿಯಿಂದ ಗೇರ್‌ಬಾಕ್ಸ್ ಪೂರಾ ಇಳಿಸ್ಬೇಕು. ಇಷ್ಟು ವರ್ಷದಲ್ಲಿ ಯಾರೂ ಇಳಿಸಿ ಅಂದಿಲ್ಲ."

"ಇಳಿಸಿ," ಎಂದೆ.

ಮಾವನವರು ಪಕ್ಕದಲ್ಲೇ ಇದ್ದರು. ಅವರು ಆ ಜೀಪಿಗೆ ಇಂಜಿನ್ ಕೆಲಸ ಮಾಡಿಸಿದ್ದರು, ಸ್ಪ್ರಿಂಗ್ ಹಾಕಿಸಿದ್ದರು, ಪ್ರತಿ ಆಯುಧಪೂಜೆಗೂ ಬಣ್ಣ ತಿದ್ದಿಸುತ್ತಿದ್ದರು. ಈ ಒಂದು ಕೆಲಸ ಮಾತ್ರ ಅವರ ಕಣ್ಣಿಗೆ ರಿಪೇರಿಯ ಪೈಕಿ ಬಂದಿರಲಿಲ್ಲ. ತುಂಡು ಇದ್ದ ಮೇಲೆ ಅದು ರಿಪೇರಿಯಾಗಿಯೇ ಇದೆ ಎಂದು ಅವರು ತಿಳಿದಿದ್ದರು.

ಜೀಪು ಬಂದ ದಿನ ನಾನು ಷರತ್ತು ಹಾಕಿದೆ. ಹಿಂದೆ ಹಣ್ಣಿನ ಮೂಟೆ ತುಂಬಬೇಕು, ನೇರಳೆ ಮರದ ತಿರುವಿನಲ್ಲಿ ನಿಲ್ಲಿಸಬೇಕು, ನಾನೊಬ್ಬಳೇ ಒಳಗೆ ಕೂರಬೇಕು, ತಿರುವಿನ ಕೆಳಗೆ ಒಬ್ಬರೂ ಇರಬಾರದು. ಮಾವ, ಇವರು, ಮೇಸ್ತ್ರಿ, ಎಲ್ಲರೂ ಮೇಲಿನ ದರೆಯ ಮೇಲೆ ನಿಂತರು. ನಾನು ಹಿಡಿ ಎಳೆದು, ಇಂಜಿನ್ ಆರಿಸಿ, ಬ್ರೇಕಿನಿಂದ ಕಾಲೆತ್ತಿದೆ.

ನಿಂತಿತು. ಮೇಸ್ತ್ರಿ ಚಪ್ಪಾಳೆ ತಟ್ಟಿದ. ನಾನು ಪಕ್ಕದ ದರೆಯಲ್ಲಿದ್ದ ಒಂದು ಬೇರನ್ನು ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಆ ಬೇರು ಮುಂದಕ್ಕೆ ಹೋಗತೊಡಗಿತು. ಬೇರು ಹೋಗುವುದಿಲ್ಲ, ನಾನು ಹಿಂದಕ್ಕೆ ಹೋಗುತ್ತಿದ್ದೆ. ಸದ್ದೇ ಇಲ್ಲದೆ, ಬೆರಳ ಗಾತ್ರ, ಮತ್ತೆ ಬೆರಳ ಗಾತ್ರ. ಕಾಲು ಬ್ರೇಕಿನ ಮೇಲೆ ಒತ್ತಿದೆ.

ಮಾವ ಆಗಲೇ ಒಂದು ಕಲ್ಲು ಎತ್ತಿಕೊಂಡು ಕೆಳಕ್ಕೆ ಇಳಿಯುತ್ತಿದ್ದರು.

"ಮಾವ, ಹಿಂದೆ ಹೋಗ್ಬೇಡಿ."

"ಬರೀ ಒಂದು ಕಲ್ಲು ಕೊಡ್ತೀನಿ ಮಾರಾಯ್ತಿ, ನೀನು ಇಳಿಯಾ ತನಕ."

"ಬೇಡ. ಅಲ್ಲೇ ನಿಲ್ಲಿ. ಕಲ್ಲು ಕೆಳಗಿಡಿ."

ಅವರಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಅವರು ಕಲ್ಲು ಹಿಡಿದೇ ನಿಂತರು. ನಾನು ಇಂಜಿನ್ ಚಾಲೂ ಮಾಡಿ, ರಿವರ್ಸ್ ಗೇರಿನಲ್ಲಿ, ಬ್ರೇಕ್ ಹಿಡಿದು ಹಿಡಿದು, ಕೆಳಗಿನ ಸಪಾಟಿನ ತನಕ ಜೀಪನ್ನು ಇಳಿಸಿದೆ. ಬ್ಲೌಸು ಬೆನ್ನಿಗೆ ಅಂಟಿತ್ತು. ಇವರು ಓಡಿ ಬಂದು, "ಸಾಕು ಬಿಡು, ಮಾರ್‌ಬಿಡಣ," ಎಂದರು. ಬಣಕಲ್ಲಿಗೆ ಇನ್ನೊಂದು ಸಲ ಹೋಗುವುದು ಎಂದೆ.

ಗ್ಯಾರೇಜಿನವರು ಬೇಸರ ಮಾಡಿಕೊಳ್ಳಲಿಲ್ಲ. ಕೇಬಲ್ಲು ಹಳೆಯದು, ಭಾರ ಬಿದ್ದ ಹಾಗೆ ಉದ್ದವಾಗುತ್ತಿದೆ ಎಂದರು. ಅದನ್ನು ತೆಗೆದು ಹೊಸದು ಹಾಕಿದರು. ಎಣ್ಣೆ ಸೋರುತ್ತಿದ್ದ ಕಡೆ ಇನ್ನೊಂದು ಸಲ ಬೆರಳಾಡಿಸಿ ಒಣಗಿದೆಯೆಂದು ನನಗೆ ತೋರಿಸಿದರು.

ಎರಡನೆಯ ಸಲ ನಾನು ತಿರುವಿಗೆ ಫ್ಲಾಸ್ಕಿನಲ್ಲಿ ಕಾಫಿ ತರಿಸಿದೆ. ಅದೇ ಮೂಟೆ, ಅದೇ ಜಾಗ. ಹಿಡಿ ಎಳೆದು ಕಾಲೆತ್ತಿ, ಎಲ್ಲರೂ ಕಾಫಿ ಕುಡಿದು ಲೋಟ ತೊಳೆದಿಡುವ ತನಕ ಇಳಿಯುವುದಿಲ್ಲ ಎಂದೆ. ಬೇರು ಇದ್ದಲ್ಲೇ ಇತ್ತು. ಮಾವ ಅರ್ಧ ಲೋಟ ಕುಡಿದು ಕೆಳಗಿಟ್ಟು ಜೀಪಿನ ಮುಂದೆ ಬಂದರು. ಮುಂದಿನ ಬಂಪರಿಗೆ ಹೆಗಲು ಕೊಟ್ಟು ಹಿಂದಕ್ಕೆ ದೂಡಿದರು. ಮೇಸ್ತ್ರಿಯನ್ನೂ ಕರೆದರು. ಇವರೂ ಬಂದರು. ಮೂವರೂ ಉಸಿರು ಕಟ್ಟಿ ದೂಡಿದರು. ಜೀಪು ಅಲುಗಾಡಿತು, ಜಾಗ ಬಿಡಲಿಲ್ಲ.

"ಹಿಡೀತದೆ," ಎಂದರು ಮಾವ ಬೆವರು ಒರೆಸಿಕೊಳ್ಳುತ್ತಾ. ಆಮೇಲೆ ನನ್ನನ್ನು ನೋಡದೆ, "ಮೊದ್ಲೇ ಮಾಡ್ಸಬೌದಿತ್ತು," ಎಂದು ಹೋಗಿ ಉಳಿದ ಕಾಫಿ ಕುಡಿದರು.

ಅಕ್ಕ ಬಂದದ್ದು ಪ್ಲಾಸ್ಟರ್ ತೆಗೆಸಿದ ಮೇಲೆ, ಕುಯ್ಲು ಮುಗಿಯುವ ಹೊತ್ತಿಗೆ. ಪಾದ ಸ್ವಲ್ಪ ಹೊರಕ್ಕೆ ತಿರುಗಿಯೇ ಉಳಿಯಿತು. ಈಗಲೂ ಹಾಗೇ ಇದೆ. ಕೋಲು ಹಿಡಿದು ಜೀಪಿನ ಹಿಂದೆ ಹೋಗಿ ನಿಂತಳು.

"ತುಂಡು ಎಲ್ಲಿ ಅಮ್ಮಾರೆ?"

"ಒಲೆಗೆ ಹಾಕ್ದೆ."

"ಒಲೆಗಾ?" ಅವಳು ಖಾಲಿ ಜಾಗವನ್ನೇ ನೋಡಿದಳು. "ಮತ್ತೆ ನನ್ ಕೆಲ್ಸ?"

"ಆ ಕೆಲ್ಸ ಇನ್ನಿಲ್ಲ ಅಕ್ಕ. ನೀನು ಮುಂದೆ ಕೂತ್ಕೋ, ನನ್ ಪಕ್ಕ."

ಅವಳಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅವಳ ಮುಖ ಬಿಗಿಯಾಯಿತು. "ಮುಂದೆ ಕೂತು ಎಂತ ಮಾಡ್ಲಿ? ಸಂತೆಗೆ ಹೊಂಟೋರ್ ಥರ ಗಾಳಿ ಕುಡೀಲಾ?" ಎಂದಳು. ಹಿಂದೆ ಹತ್ತಿ ಕೂತಿದ್ದ ಹೆಂಗಸರು ನಕ್ಕರು. "ಕೂರೇ, ಡ್ರೈವರಮ್ಮ," ಎಂದು ಒಬ್ಬಳು ಕಿಚಾಯಿಸಿದಳು, "ಹತ್ತದೇ ಇದ್ರೆ ನಾವೂ ಇಳೀಬೇಕಾಯ್ತದೆ. ನಮ್ ಮಂಡಿಗೆ ಇನ್ನು ಆಗಲ್ಲ." ಅವರು ಹೇಳಿದ್ದು ನಗೆಗೆ. ಆದರೆ ಯಾರೂ ಸರಿಯಾಗಿ ಒರಗಿ ಕೂತಿರಲಿಲ್ಲ. ಎಲ್ಲರೂ ಅವಳು ಏನು ಮಾಡುತ್ತಾಳೆಂದು ಕಾಯುತ್ತಿದ್ದರು. ಅವಳು ಹತ್ತದಿದ್ದರೆ ಜೀಪು ರಿಪೇರಿಯಾದದ್ದು ಗ್ಯಾರೇಜಿನ ಮಟ್ಟಿಗೆ ಮಾತ್ರ ಎಂದು ನನಗೆ ಗೊತ್ತಿತ್ತು.

ಅವಳು ಕೋಲನ್ನು ಹಿಂದಿನವರ ಕೈಗೆ ಕೊಟ್ಟು, ಗೊಣಗುತ್ತಾ, ಮುಂದೆ ಹತ್ತಿ ಕೂತಳು.

ನೇರಳೆ ಮರದ ತಿರುವಿನಲ್ಲಿ ನಾನು ಅರ್ಧ ತಿರುಗಿಸಿ, ಹಿಂದಕ್ಕೆ ತಂದು, ನಿಲ್ಲಿಸಿ, ಹಿಡಿ ಎಳೆದೆ. ಎಲೆಗಳನ್ನು ಆ ಬೆಳಿಗ್ಗೆ ನಾನೇ ಗುಡಿಸಿದ್ದೆ. ಅಕ್ಕನ ಎಡಗಾಲು ಆಗಲೇ ಹೊರಗಿನ ಮೆಟ್ಟಿಲ ಮೇಲಿತ್ತು. ಇಳಿಯುವ ಹೊತ್ತು ಬಂತೆಂದು ಅವಳ ಕಾಲಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಇಳೀಬೇಡ," ಎಂದೆ.

ಅವಳು ಕಾಲು ಒಳಗೆ ತೆಗೆದುಕೊಂಡಳು. ನನ್ನ ಕಾಲು ಮಾತ್ರ ಬ್ರೇಕಿನಿಂದ ಏಳಲಿಲ್ಲ. ಎರಡು ಸಲ ಇದೇ ಜಾಗದಲ್ಲಿ ಪರೀಕ್ಷೆ ಮಾಡಿದ್ದೆ, ಒಬ್ಬಳೇ ಕೂತು ಮಾಡಿದ್ದೆ. ಈಗ ಹಿಂದೆ ಜನ ಇದ್ದರು, ಪಕ್ಕದಲ್ಲಿ ಅವಳಿದ್ದಳು. ಕಾಲು ಏಳಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ.

ಅಕ್ಕ ಹೊರಕ್ಕೆ ಬಗ್ಗಿ ಹಿಂದಿನ ಟೈರನ್ನು ಒಮ್ಮೆ ನೋಡಿದಳು. ಹಿಡಿಯನ್ನು ನೋಡಿದಳು. ಆಮೇಲೆ ಬಲಗೈ ಚಾಚಿ, ಮುಂದಿನ ತಗಡಿನ ಮೇಲೆ, ಅಂಗೈಯಿಂದ, ಎರಡು ಸಲ ಬಡಿದಳು.

"ಹೋಗಿ ಅಮ್ಮಾರೆ."

ನಾನು ಕಾಲೆತ್ತಿದೆ. ಜೀಪು ನಿಂತೇ ಇತ್ತು. ಕ್ಲಚ್ ಬಿಡುತ್ತಾ ಹಿಡಿಯನ್ನೂ ಬಿಟ್ಟೆ. ಮುಂದಕ್ಕೆ ಹೋದೆವು.